ಹಿಡಿಮದ್ದು

ನಮ್ಮ ಮನೆಯ ಹಗ್ಗ ನಾನು. ಕೈ ನನ್ನ ತಮ್ಮ ಜವರ. ಬೇರೆ ಊರಿನವರಿಗೆ ಹೀಗೆಂದರೆ ತಿಳಿಯುವುದಿಲ್ಲ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಕಾಫಿ ಕುಡಿಯುವ ಮೊದಲೇ ಕೇಳುವುದು ಇದನ್ನು: ನಿಮ್ಮ ಮನೆಯ ಕೈ ಯಾರು, ಹಗ್ಗ ಯಾರು? ಗದ್ದೆಗೆ ಯೂರಿಯಾ ಎರಚುವವನು ಕೈ. ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹಿಡಿದು ಬದುವಿನ ಮೇಲೆ ನಡೆಯುವವಳು ಹಗ್ಗ. ಎರಚಿದ ಗೊಬ್ಬರದಲ್ಲಿ ಗದ್ದೆ ಎಷ್ಟನ್ನು ಗಾಳಿಗೆ ಬಿಟ್ಟುಕೊಡುತ್ತದೋ ಅದಕ್ಕೆ ತಕ್ಕಷ್ಟು ತೂಕ ಎರಚಿದವನ ಮೈಯಿಂದ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ, ಎಷ್ಟು ಮುದ್ದೆ ತಿಂದರೂ ಬರುವುದಿಲ್ಲ. ಆಳು ಸೊರಗುವುದಿಲ್ಲ. ಕೆನ್ನೆ ಕೆನ್ನೆಯ ಹಾಗೆ, ತೋಳು ತೋಳಿನ ಹಾಗೆ ಇರುತ್ತದೆ. ಎತ್ತಿದವರಿಗೆ ಮಾತ್ರ ಗೊತ್ತು.

ನಮ್ಮದು ಗದ್ದೆಯ ನಡುವೆ ಬೆಳೆದ ಪಟ್ಟಣ. ಟಾಕೀಸಿನ ಹಿಂಗೋಡೆಗೆ ಭತ್ತದ ಪೈರು ಒರಗಿಕೊಂಡಿರುತ್ತದೆ. ಬಸ್ ನಿಲ್ದಾಣದಲ್ಲಿ ಬಸ್ ತಿರುಗಿಸುವಾಗ ಹಿಂದಿನ ಚಕ್ರ ಯಾರದೋ ನಾಲೆಗೆ ಇಳಿಯುತ್ತದೆ. ಮೂರು ಜನ ದರ್ಜಿಗಳಿದ್ದಾರೆ, ಮೂವರೂ ಹಗುರವಾದವರ ಅಂಗಿಗೆ ಕಲ್ಲು ತುಂಬಿಕೊಳ್ಳುವ ಜೇಬು ಹೊಲಿಯುತ್ತಾರೆ. ಗಾಳಿ ಜೋರಾದ ದಿನ ಕಂಡಕ್ಟರು ಹಗುರವಾದವರನ್ನು ಮೆಟ್ಟಿಲ ಬಳಿ ನಿಲ್ಲಿಸುವುದಿಲ್ಲ, ಅಂಗಿಯ ಕುತ್ತಿಗೆ ಹಿಡಿದು ಒಳಗೆ ನೂಕುತ್ತಾನೆ. ಕ್ಷೌರದಂಗಡಿಯ ಕುರ್ಚಿಗೆ ಚರ್ಮದ ಪಟ್ಟಿ ಇದೆ. ತೆಂಗಿನಕಾಯಿ ಕೀಳುವ ಕೆಲಸ, ಬೀದಿದೀಪದ ಬಲ್ಬು ಬದಲಿಸುವ ಕೆಲಸ ಹಗುರದವರದ್ದೇ. ಯಂತ್ರದಿಂದ ಎರಚಿ ನೋಡಿದ್ದಾರೆ, ಯಂತ್ರ ನಡೆಸಿದವನ ತೂಕ ಹೋಯಿತು. ಹೊರಗಿನ ಕೂಲಿಯವರನ್ನು ಕರೆದು ಎರಚಿಸಿ ನೋಡಿದ್ದಾರೆ, ಈಗ ಅವರು ನಮ್ಮೂರಿನ ಬಸ್ಸನ್ನೇ ಹತ್ತುವುದಿಲ್ಲ. ಗೊಬ್ಬರವನ್ನೇ ಹಾಕದೆ ಬಿಟ್ಟ ವರ್ಷ ಪೈರು ಮೊಣಕಾಲೆತ್ತರಕ್ಕೆ ನಿಂತು ಹಳದಿಯಾಯಿತು, ಅದರ ಹುಲ್ಲನ್ನು ದನವೂ ಮೂಸಲಿಲ್ಲ. ಸರದಿಯ ಮೇಲೆ ಎಲ್ಲರೂ ಎರಚಬಹುದಲ್ಲ ಎಂದು ನಮ್ಮೂರಿಗೆ ಸೊಸೆಯಾಗಿ ಬಂದವರೆಲ್ಲ ಒಮ್ಮೆ ಕೇಳುತ್ತಾರೆ. ಹಿರಿಯರ ಉತ್ತರ ಒಂದೇ: ಮನೆಮಂದಿಯನ್ನೆಲ್ಲ ಅರೆಬರೆ ಮಾಡುವುದಕ್ಕಿಂತ ಒಬ್ಬನನ್ನು ಪೂರ್ತಿ ಖರ್ಚು ಮಾಡುವುದು ಮೇಲು.

ನಮ್ಮ ಮನೆಯಲ್ಲಿ ಜವರನಿಗಿಂತ ಮೊದಲು ಖರ್ಚಾದವನು ಚಿಕ್ಕಪ್ಪ. ಅವನು ಕಡೆಯ ವರ್ಷಗಳನ್ನು ಅಟ್ಟದಲ್ಲಿ ಕಳೆದ. ತೊಲೆಗೆ ಕಟ್ಟಿದ ಹಗ್ಗದ ತುದಿಯಲ್ಲಿ ಹೆಂಚಿಗೆ ಬೆನ್ನು ಹಚ್ಚಿಕೊಂಡು, ಮುಖ ಕೆಳಗೆ ಮಾಡಿ, ನಾವು ಊಟ ಮಾಡುವುದನ್ನು ನೋಡುತ್ತಿದ್ದ. ಬೇಸಿಗೆಯಲ್ಲಿ ಹೆಂಚು ಕಾದಾಗ ಒದ್ದೆ ಗೋಣಿ ಕೊಡಿ ಎನ್ನುತ್ತಿದ್ದ. ಕಡೆಕಡೆಗೆ ಅದನ್ನೂ ಕೇಳುತ್ತಿರಲಿಲ್ಲ. ಅವನು ಸತ್ತ ದಿನ ಹೊರಲು ನಾಲ್ಕು ಜನ ಬಂದರು, ಬೇಕಾಗಿದ್ದದ್ದು ಅವನನ್ನು ಕೆಳಗೆ ಹಿಡಿದಿಡಲು. ಜವರ ಆಗ ಇನ್ನೂ ಕೈಯಾಗಿರಲಿಲ್ಲ. ಹಗ್ಗ ಬಿಚ್ಚಲು ಏಣಿ ಹತ್ತಿದವನು ಅವನೇ. ಇಳಿದು ಬಂದು, "ಅಕ್ಕ, ನನ್ನ ಮಾತ್ರ ಆ ತೊಲೆಗೆ ಕಟ್ಬ್ಯಾಡ ಕಣೆ, ಅದ್ಕಿಂತ ಬುಟ್ಬುಡು," ಅಂದ. ನಾನು ಹೂಂ ಅಂದೆ. ಆಗ ಯಾರು ಬೇಕಾದರೂ ಹೂಂ ಅನ್ನುತ್ತಿದ್ದರು.

ಗೊಬ್ಬರ ಎರಚಿ ಮೂರನೆಯ ದಿನ ಬೆಳಿಗ್ಗೆ ಹಗ್ಗದವಳು ಕೈಯವನನ್ನು ಎತ್ತಿ ನೋಡಬೇಕು. ಕಲ್ಲಿನ ಅಂಗಿ ಬಿಚ್ಚಿಸಿ, ಅಂಗಳದಲ್ಲಿ ನಿಲ್ಲಿಸಿ, ಕಂಕುಳಿಗೆ ಕೈ ಹಾಕಿ ಒಮ್ಮೆ ನೆಲ ಬಿಡಿಸಬೇಕು. ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬುದನ್ನು ಅವಳ ತೋಳು ಹೇಳುತ್ತದೆ. ಮಿಲ್ಲಿನಲ್ಲಿ ತಕ್ಕಡಿ ಇದೆ, ಸೊಸೈಟಿಯಲ್ಲಿ ಮುಳ್ಳಿನ ಯಂತ್ರ ಇದೆ. ಆದರೆ ನಮ್ಮಲ್ಲಿ ಮನುಷ್ಯರನ್ನು ಅದರ ಮೇಲೆ ನಿಲ್ಲಿಸುವುದಿಲ್ಲ. ತಕ್ಕಡಿ ಏರಿದವನು ಮಾಲಾಗುತ್ತಾನೆ ಎನ್ನುತ್ತಾರೆ. ತೋಳಿನ ಲೆಕ್ಕವೇ ಲೆಕ್ಕ. ನನ್ನ ತೋಳಿನ ಲೆಕ್ಕದಲ್ಲಿ ಜವರ ಆಗ ಅರ್ಧ ಮೂಟೆ ಭತ್ತದಷ್ಟಿದ್ದ. ಹೆಚ್ಚೆಂದರೆ ಇನ್ನು ನಾಲ್ಕು ಬೆಳೆ ಎಂದುಕೊಂಡಿದ್ದೆ. ಅವನ ಹೆಂಡತಿ ಜಯಶೀಲ ನನ್ನನ್ನು ಏನೂ ಕೇಳುತ್ತಿರಲಿಲ್ಲ, ಎತ್ತಿ ಇಳಿಸಿದಾಗ ನನ್ನ ಮುಖ ಮಾತ್ರ ನೋಡುತ್ತಿದ್ದಳು.

ಹಿಡಿಮದ್ದು ಬಂದದ್ದು ಆಗ. ಡಬ್ಬದ ಮೇಲೆ ಬೇರೆ ಉದ್ದನೆಯ ಹೆಸರಿತ್ತು, ಈ ಹೆಸರು ನಾವು ಇಟ್ಟದ್ದು. ಸೊಸೈಟಿಯ ಸೆಕ್ರೆಟರಿ ಗುರುಮಲ್ಲಪ್ಪ ಎಲ್ಲ ಮನೆಯ ಕೈಗಳನ್ನೂ ಹಗ್ಗಗಳನ್ನೂ ಗೋದಾಮಿನ ಮುಂದೆ ಸೇರಿಸಿದ. ಟಾರ್ಪಾಲಿನ ಮೇಲೆ ಯೂರಿಯಾ ಸುರಿದು, ಅದರ ಮೇಲೆ ಕಂದು ಎಣ್ಣೆ ಹುಯ್ದು, ಕೈಯಲ್ಲಿ ಉಜ್ಜಿ ತೋರಿಸಿದ. ಬಿಳಿ ಕಾಳು ರಾಗಿಯ ಬಣ್ಣಕ್ಕೆ ತಿರುಗಿತು. ಬೇವಿನೆಣ್ಣೆಯ ಹಾಗೆ, ಅದಕ್ಕಿಂತ ಸ್ವಲ್ಪ ಕೊಳೆತ ಹಾಗೆ ನಾತ ಬಂತು.

"ನೋಡ್ರಪ್ಪ, ಬರೀ ಯೂರಿಯಾ ನೀರಿಗೆ ಬಿದ್ದೇಟ್ಗೆ ಕರಗಿ ಗಾಳಿಗೆ ಓಡೋಯ್ತದೆ. ಈ ಮದ್ದು ಅದನ್ನ ಹಿಡ್ಕತದೆ. ಪೈರು ಕೇಳ್ದಾಗ ಕೇಳ್ದಷ್ಟು ಮಾತ್ರ ಬುಡ್ತದೆ. ಇಳುವರಿನೂ ಜಾಸ್ತಿ."

"ನಮ್ಮನೆಯೋಳು ನನ್ನ ಸಂಬ್ಳ ಹಿಡ್ಕತಳಲ್ಲ, ಹಂಗಾ?" ಎಂದು ಮಾಯಿಗೌಡ ಕೇಳಿದ. ಮಾಯಿಗೌಡ ನಮ್ಮ ಪಕ್ಕದ ಗದ್ದೆಯವನು, ಅಕ್ಕಿ ಮಿಲ್ಲಿನಲ್ಲಿ ಮೇಸ್ತ್ರಿ. ಜನ ನಕ್ಕರು.

"ಅಂದ್ರೆ ಏನೂ ಹೋಗದೇ ಇಲ್ವಾ ಸಾ?" ಎಂದು ಜವರ ಕೇಳಿದ.

"ಕಡ್ಮೆ ಹೋಯ್ತದೆ," ಅಂದ ಗುರುಮಲ್ಲಪ್ಪ.

ಆ ಬೆಳೆಗೆ ನಮ್ಮ ಸುತ್ತಿನಲ್ಲಿ ನಾವು ಮಾತ್ರ ಮದ್ದು ಕಲೆಸಿ ಎರಚಿದೆವು. ಮೂರನೆಯ ದಿನ ಜವರನನ್ನು ಎತ್ತಿದೆ. ಇಳಿಸಿ ಮತ್ತೊಮ್ಮೆ ಎತ್ತಿದೆ. ನನ್ನ ತೋಳಿಗೆ ಯಾವ ವ್ಯತ್ಯಾಸವೂ ಸಿಗಲಿಲ್ಲ. ಹಿಂದಿನ ವಾರ ಎಷ್ಟಿದ್ದನೋ ಅಷ್ಟೇ ಇದ್ದ. ಜಯಶೀಲ ನನ್ನ ಮುಖ ನೋಡಿದಳು, ನೋಡಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಪೈರು ಹಿಂದೆಂದೂ ಕಾಣದ ಹಾಗೆ ತೆಂಡೆ ಒಡೆದು ಬುಡದಿಂದ ಕವಲಾಯಿತು. ಅಕ್ಕಪಕ್ಕದ ಗದ್ದೆಗಳು ತಿಳಿಹಸಿರಿಗೆ ಇಳಿದ ಮೇಲೂ ನಮ್ಮದು ಕಪ್ಪಗೇ ಇತ್ತು. ಕಟಾವಿನಲ್ಲಿ ಹೊರೆ ಕಟ್ಟಲು ಹುರಿ ಸಾಲದೆ ಹಳೆಯ ಸೀರೆ ಹರಿದು ಕಟ್ಟಿದೆವು.

ಮುಂದಿನ ನಾಟಿ ಮುಗಿಯುವ ಮೊದಲೇ ಮಾಯಿಗೌಡ ನಮ್ಮ ಜಗುಲಿಗೆ ಬಂದು ಕೂತ. ಅವನ ಮನೆಯ ಕೈ ಅವನ ಮಗ. ಮದುವೆಯಾಗಿ ಆರು ತಿಂಗಳಾಗಿತ್ತು. "ದೇವೀರವ್ವ, ಹೆಂಗೂ ಮದ್ದು ಹಾಕುದ್ರೆ ಏನೂ ಹೋಗಕಿಲ್ಲ. ನಿನ್ ತಮ್ಮ ನಮ್ದೂ ಒಂದ್ಸುತ್ತು ಎರಚ್ಬುಡ್ಲಿ. ನಮ್ ಹೈದ ಇನ್ನೂ ತುಂಬಿದ ಮೂಟೆ ಇದ್ದಂಗವ್ನೆ, ಅವುನ್ನ ಗದ್ದೆಗಿಳ್ಸಕೆ ಮನ್ಸಿಲ್ಲ," ಎಂದ.

"ಕಡ್ಮೆ ಹೋಯ್ತದೆ ಅಂದವ್ರೆ ಮಾವ, ಹೋಗಕಿಲ್ಲ ಅಂದಿಲ್ಲ," ಎಂದು ಜಯಶೀಲ ಒಳಗಿನಿಂದಲೇ ಹೇಳಿದಳು.

"ನಿಮ್ಮತ್ಗೆ ತೋಳೇ ಯೋಳ್ತಲ್ಲವ್ವ. ಅದ್ಕಿಂತ ಸಾಕ್ಷಿ ಬೇಕಾ?"

ನಾನು ಬೇಡ ಅನ್ನುವಷ್ಟರಲ್ಲಿ ಜವರ ಎದ್ದು ನಿಂತಿದ್ದ. "ಯಾವತ್ತು ಬರ್ಬೇಕು ಗೌಡ್ರೇ?" ಎಂದ. ಅವನ ದನಿಯನ್ನು ನಾನು ಮರೆಯಲಾರೆ. ಹಗುರವಾದವರನ್ನು ನಮ್ಮೂರಿನಲ್ಲಿ ಯಾರೂ ಹುಡುಕಿಕೊಂಡು ಬರುವುದಿಲ್ಲ. ನೇಗಿಲು ಹಿಡಿದರೆ ಎತ್ತು ಅವರನ್ನೇ ಎಳೆದುಕೊಂಡು ಹೋಗುತ್ತದೆ. ಗುದ್ದಲಿ ಎತ್ತಿದರೆ ಗುದ್ದಲಿಯ ಜೊತೆಗೆ ತಾವೂ ಏಳುತ್ತಾರೆ. ಮದುವೆ ಮನೆಯಲ್ಲಿ ಬಲೂನಿನ ಜೊತೆ ಕೂರಿಸುತ್ತಾರೆ ಎಂಬುದು ಹಳೆಯ ತಮಾಷೆ. ಮಾಯಿಗೌಡನಂಥವನು ಜಗುಲಿಯ ಮೇಲೆ ಕೂತು ಜವರನನ್ನು ಕೇಳಿಕೊಂಡಿದ್ದು ಅದೇ ಮೊದಲು.

ಮಾಯಿಗೌಡನ ಗದ್ದೆ ಎರಚಿದ ಮೇಲೂ ನನ್ನ ತೋಳು ಏನೂ ಹೇಳಲಿಲ್ಲ. ಅಲ್ಲಿಂದ ಮನೆಗೆ ಜನ ಬರತೊಡಗಿದರು. ಮೊದಲು ನಮ್ಮ ಬೀದಿಯವರು, ಆಮೇಲೆ ನಾಲೆಯಾಚೆಯವರು, ಕೊನೆಗೆ ಟಾಕೀಸಿನ ಮಾಲೀಕರೂ. ತಿಂಗಳೊಪ್ಪತ್ತಿನಲ್ಲಿ ಪಟ್ಟಣದ ಕೈಗಳೆಲ್ಲ ಕೆಲಸ ಬಿಟ್ಟವು. ಒಬ್ಬನಿಂದ ಆಗುವುದಕ್ಕೆ ಅಷ್ಟು ಜನ ಯಾಕೆ? ಸಂಜೆ ಹೋಟೆಲಿನಲ್ಲಿ ಅವರು ಕಲ್ಲಿನ ಜೇಬು ಬಡಿದುಕೊಂಡು ಹರಟುತ್ತಿದ್ದರು. ಜವರ ಹೋದರೆ ಎದ್ದು ಜಾಗ ಕೊಡುತ್ತಿದ್ದರು, ಟೀ ತರಿಸುತ್ತಿದ್ದರು. "ಇವ್ನು ಮನೆ ಕೈಯಲ್ಲ ಕನ್ರಲಾ, ಊರ್ ಕೈ," ಎಂದು ಯಾರೋ ಅಂದರಂತೆ. ಅದನ್ನು ಜವರ ಮನೆಗೆ ಬಂದು ಎರಡು ಸಲ ಹೇಳಿದ. ಜಯಶೀಲ ಕೇಳದವಳ ಹಾಗೆ ಅಕ್ಕಿ ಆರಿಸುತ್ತಿದ್ದಳು.

ನಾವಿಬ್ಬರೂ ದಿನ ಬೆಳಗಾದರೆ ಹೊರಡುತ್ತಿದ್ದೆವು. ಅವನು ಹೆಗಲಿಗೆ ಯೂರಿಯಾದ ಜೋಳಿಗೆ ಹಾಕಿಕೊಂಡು ಕೆಸರಿಗೆ ಇಳಿಯುತ್ತಿದ್ದ, ಕಲ್ಲಿನ ಅಂಗಿ ಬದುವಿನ ಮೇಲೆ ಇರುತ್ತಿತ್ತು. ಜೋಳಿಗೆಯ ಭಾರವೇ ಅವನನ್ನು ನೆಲಕ್ಕೆ ಹಿಡಿದಿಡುತ್ತಿತ್ತು. ನಾನು ಹಗ್ಗ ಹಿಡಿದು ಬದುವಿನಿಂದ ಬದುವಿಗೆ ದಾಟುತ್ತಿದ್ದೆ. ಅವನು ಎರಚುವುದನ್ನು ನೋಡಿದರೆ ಯಾರಿಗಾದರೂ ಕಣ್ಣು ತಣಿಯಬೇಕು. ಮುಷ್ಟಿ ಬಿಚ್ಚಿದ್ದು ಕಾಣುತ್ತಿರಲಿಲ್ಲ, ನೀರಿನ ಮೇಲೆ ಸಣ್ಣ ಮಳೆ ಬಿದ್ದ ಸದ್ದು ಮಾತ್ರ ಕೇಳುತ್ತಿತ್ತು. ಅವನು ಕೆಲಸ ಮಾಡುತ್ತ ಹಾಡಿಕೊಳ್ಳತೊಡಗಿದ. ಮೊದಲು ಹಾಡುತ್ತಿರಲಿಲ್ಲ. ದಿನವೂ ಎರಚಿದ್ದರಿಂದ ಮೂರನೆಯ ದಿನವೆಂಬುದೇ ಉಳಿಯಲಿಲ್ಲ, ನಾನು ದಿನವೂ ಬೆಳಿಗ್ಗೆ ಎತ್ತುತ್ತಿದ್ದೆ. ದಿನವೂ ಅವನು ನಿನ್ನೆಯಷ್ಟೇ ಇದ್ದ.

ಹೊಡೆ ಬರುವ ಕಾಲಕ್ಕೆ, ತೆನೆ ಹೊರಡುವ ಮೊದಲು, ಕಡೆಯ ಸುತ್ತಿನ ಗೊಬ್ಬರ. ಟಾಕೀಸಿನ ಹಿಂದಿನ ಗದ್ದೆಯಲ್ಲಿ ಅರ್ಧ ಜೋಳಿಗೆ ಮುಗಿಸಿ ಅವನು ನನ್ನ ಕಡೆಗೆ ತಿರುಗಿದಾಗ ಅವನ ಪಾದ ನೋಡಿದೆ. ಕೆಸರು ಇರಲಿಲ್ಲ. ಅವನು ಹಿಂದೆ ಬಿಟ್ಟುಬಂದ ಸಾಲಿನಲ್ಲಿ ಒಂದು ಪೈರೂ ಬಾಗಿರಲಿಲ್ಲ. ಹಗ್ಗ ಎಳೆದು ಅವನನ್ನು ಬದುವಿಗೆ ತಂದೆ. ಜೋಳಿಗೆ ಇಳಿಸಿ ಕಂಕುಳಿಗೆ ಕೈ ಹಾಕಿದರೆ ನನ್ನ ಕೈಗೆ ಒಗೆದ ಪಂಚೆಯಷ್ಟೂ ಭಾರ ಬರಲಿಲ್ಲ.

"ಬೆಳಿಗ್ಗೆ ಸರ್ಯಾಗಿದ್ಯಲ್ಲೋ!"

ಅವನು ಜೋಳಿಗೆಯ ಕಡೆಗೆ ಕೈ ಚಾಚಿದ. ಮನೆಗೆ ಬಂದು ಅವನ ಹಾಸಿಗೆ ಕೊಡವಿದೆ. ತಲೆದಿಂಬಿನ ಕೆಳಗೆ ಒಂದು ದಟ್ಟಿ ಸಿಕ್ಕಿತು, ಸೊಂಟಕ್ಕೆ ಸುತ್ತುವಂಥದ್ದು. ಅದರ ತುಂಬ ನಾಲೆಯ ಉರುಟು ಕಲ್ಲು. ನಾನು ಎತ್ತುವ ಮೊದಲು ಅದನ್ನು ಪಂಚೆಯ ಒಳಗೆ ಸುತ್ತಿಕೊಂಡು ಬಂದು ನಿಲ್ಲುತ್ತಿದ್ದನಂತೆ. ಎಷ್ಟು ಹೋಯಿತೋ ಅಷ್ಟು ಕಲ್ಲು. ನನ್ನ ತೋಳನ್ನು ಅವನು ನನಗಿಂತ ಚೆನ್ನಾಗಿ ಬಲ್ಲ.

"ಯಾಕ್ಲಾ?" ಎಂದೆ.

"ಯೋಳುದ್ರೆ ನೀನ್ ನಿಲ್ಸ್‌ಬುಡ್ತಿದ್ದೆ."

"ನಿಲ್ಸ್ತಿದ್ದೆ. ಅದ್ಕೇ ಅಲ್ವಾ ನಾನಿರೋದು?"

"ನಿಲ್ಸಿ? ಅರ್ಧ ಮೂಟೆ ಇದ್ದೋನ್ನ ಯಾರ್ ಕೇಳ್ತರಕ್ಕ? ಮೂಲೇಲಿ ಕೂತು ಬರೀ ನಿನ್ ಮಖ, ಅವಳ್ ಮಖ ನೋಡ್ಕಂಡಿರ್ಬೇಕಿತ್ತು. ಈಗ ನೋಡು, ಊರ್ನಾಗೆ ಒಂದ್ ಗದ್ದೆ ಕಪ್ಪಗದೆ ಅಂದ್ರೆ ಅದು ನಾನು."

ಜಯಶೀಲ ಬಾಗಿಲಲ್ಲಿ ನಿಂತಿದ್ದಳು. "ನಂಗೆ ಯೋಳ್ಬೋದಿತ್ತಲ್ಲ," ಎಂದಳು. "ರಾತ್ರಿ ನನ್ ಸೆರಗ ಸೊಂಟಕ್ಕೆ ಕಟ್ಕಂಡು ಮಲಗ್ತಿದ್ರಿ, ಪಿರೂತಿ ಅನ್ಕಂಡಿದ್ದೆ." ಅಷ್ಟು ಹೇಳಿ ದಟ್ಟಿಯನ್ನು ಎತ್ತಿಕೊಂಡು ಕಲ್ಲುಗಳನ್ನು ಒಂದೊಂದಾಗಿ ಅವನ ಅಂಗಿಯ ಜೇಬಿಗೆ ತುಂಬತೊಡಗಿದಳು.

ಇನ್ನು ಉಳಿದಿದ್ದದ್ದು ನಾಲ್ಕಾರು ಮನೆಯ ಗದ್ದೆ, ಮಾಯಿಗೌಡನದ್ದೂ ಸೇರಿ. ಆ ಮನೆಗಳ ಹಳೆಯ ಕೈಗಳು ಒಂದು ದಿನ ಗದ್ದೆಗೆ ಇಳಿದಿದ್ದರೆ ಮುಗಿಯುತ್ತಿತ್ತು. ಅವರಲ್ಲಿ ಯಾರೂ ಜವರನಷ್ಟು ಹಗುರವಲ್ಲ, ಒಂದು ಸುತ್ತಿಗೆ ಅವರಿಗೆ ಏನೂ ಆಗುತ್ತಿರಲಿಲ್ಲ. ನಾನು ಮನೆಮನೆಗೂ ಹೋದೆ. ಎಲ್ಲರೂ ಕೂರಿಸಿದರು, ನೀರು ಕೊಟ್ಟರು. ಮಾಯಿಗೌಡ ಬಾಯಿಬಿಟ್ಟು ಹೇಳಿದ್ದನ್ನೇ ಉಳಿದವರು ಬೇರೆ ಬೇರೆ ಮಾತಿನಲ್ಲಿ ಹೇಳಿದರು.

"ನೋಡವ್ವ ದೇವೀರಿ, ಮದ್ದು ಹಾಕುದ್ರೆ ಏನೂ ಹೋಗಕಿಲ್ಲ ಅನ್ನದಾದ್ರೆ ನಿನ್ ತಮ್ಮನೇ ಎರಚ್ಲಿ, ಅವ್ನಿಗೇನೂ ಆಗಕಿಲ್ಲ. ಅದಲ್ಲ, ಹೋಯ್ತದೆ ಅನ್ನದಾದ್ರೆ ನಮ್ ಹೈದುನ್ನ ನಾನ್ಯಾಕೆ ಕಳುಸ್ಲಿ? ನೀನೇ ಯೋಳು."

ನಾನು ಆ ಮಾತನ್ನು ಅಂದಿನಿಂದ ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದ್ದೇನೆ. ಎಲ್ಲಿಯೂ ಬಾಗಿಲಿಲ್ಲ. ಸೊಸೈಟಿಗೆ ಹೋದರೆ ಗುರುಮಲ್ಲಪ್ಪ ಮೇಜಿನ ಮೇಲಿನ ಡಬ್ಬ ಸರಿಸಿ, "ನಾನು ಕಡ್ಮೆ ಅಂದಿದ್ದೆ ತಾಯಿ, ಇಲ್ಲ ಅಂದಿರ್ಲಿಲ್ಲ. ಒಂದ್ ಗದ್ದೆಗೆ ಕಡ್ಮೆ. ಊರ್ ಗದ್ದೆಗೆಲ್ಲ ಒಬ್ನೇ ಇಳೀತನೆ ಅಂತ ನಂಗೇನ್ ಗೊತ್ತು?" ಎಂದ. ಅವನು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ.

ಮನೆಗೆ ಬಂದಾಗ ಜವರ ಟಾರ್ಪಾಲಿನ ಮುಂದೆ ಕೂತು ಯೂರಿಯಾಕ್ಕೆ ಮದ್ದು ಉಜ್ಜುತ್ತಿದ್ದ. ಮೊಣಕೈವರೆಗೆ ಕಂದು. "ನೀನ್ ಹಗ್ಗ ಹಿಡೀದಿದ್ರೆ ಜಯಶೀಲನ ಕೈಗೆ ಕೊಡ್ತೀನಿ. ಅವ್ಳೂ ಹಿಡೀದಿದ್ರೆ ಹಗ್ಗ ಇಲ್ದೇನೇ ಇಳೀತೀನಿ," ಎಂದ. ಹಾಗಾಗಿ ಮಾರನೆಯ ದಿನ ಹಗ್ಗ ಹಿಡಿದದ್ದು ನಾನೇ.

ಉಳಿದ ಗದ್ದೆಗಳು ಮುಗಿದು ಕಡೆಗೆ ಬಂದದ್ದು ಮಿಲ್ಲಿನ ಪಕ್ಕದ ಮಾಯಿಗೌಡನ ಗದ್ದೆ. ನಡುಮಧ್ಯಾಹ್ನ. ಮಿಲ್ಲಿನವರು ಊಟದ ಡಬ್ಬಿ ಹಿಡಿದು ಬದುವಿನ ಮೇಲೆ ಕೂತಿದ್ದರು. ಜಯಶೀಲ ಬಂದು ಸ್ವಲ್ಪ ದೂರದಲ್ಲಿ ನಿಂತಳು. ತುಂಬಿದ ಜೋಳಿಗೆ ಹೊತ್ತು ಜವರ ಮೊಣಕಾಲವರೆಗೆ ಕೆಸರಿಗೆ ಇಳಿದ. ಎರಡು ಸಾಲು ಎರಚುವಷ್ಟರಲ್ಲಿ ಕೆಸರು ಮೀನಖಂಡದ ಕೆಳಗೆ ಇಳಿದಿತ್ತು. ನಾಲ್ಕನೆಯ ಸಾಲಿಗೆ ಹಿಮ್ಮಡಿ ಕಂಡಿತು. ಮುಷ್ಟಿ ಮುಷ್ಟಿಗೂ ಜೋಳಿಗೆ ಹಗುರಾಗುತ್ತಿತ್ತು, ಅವನು ಏಳುತ್ತಿದ್ದ. ಆರನೆಯ ಸಾಲಿನಲ್ಲಿ ಪೈರಿನ ತುದಿ ಅವನ ಪಾದ ಸವರಿತು. ಆಮೇಲೆ ಅದೂ ತಪ್ಪಿತು. ಅವನು ಒಂದು ಗಳಿಗೆ ಕೆಳಗೆ ನೋಡಿ, ಕಾಲು ಮಡಚಿ ಸರಿಪಡಿಸಿಕೊಂಡು, ಮತ್ತೆ ಮುಷ್ಟಿ ತುಂಬಿದ. ನನ್ನ ಕೈಯಲ್ಲಿ ಹಗ್ಗ ಮೊದಲ ಬಾರಿಗೆ ಮೇಲಕ್ಕೆ ಎಳೆಯಿತು. ಗಾಳಿ ಅವನನ್ನು ಮಿಲ್ಲಿನ ಚಿಮಣಿಯ ಕಡೆಗೆ ತೂಗಿತು. ಎರಚುವುದನ್ನು ಅವನು ನಿಲ್ಲಿಸಲಿಲ್ಲ. ಮೇಲಿಂದ ಬಿದ್ದ ಕಾಳು ಇನ್ನೂ ಸಮನಾಗಿ ಹರಡುತ್ತಿತ್ತು.

ಊಟದ ಡಬ್ಬಿಯವರು ಎದ್ದು ನಿಂತಿದ್ದರು. ಮಾಯಿಗೌಡ ಹಣೆಯ ಮೇಲೆ ಕೈ ಅಡ್ಡ ಹಿಡಿದು ಜವರನನ್ನು ನೋಡಿದ, ಗದ್ದೆಯನ್ನು ನೋಡಿದ, ಮತ್ತೆ ಜವರನನ್ನು ನೋಡಿದ.

"ದೇವೀರವ್ವ," ಎಂದ ಮೆಲ್ಲಗೆ, "ಆ ಮೂಲೆಗೆ ಬಿದ್ದಿಲ್ಲ. ಸ್ವಲ್ಪ ಆ ಕಡೀಕೆ ಎಳ್ಕ."

ನಾನು ಬದುವಿನ ಮೇಲೆ ನಡೆದು ಆ ಮೂಲೆಗೆ ಎಳೆದೆ.

ಜೋಳಿಗೆ ಖಾಲಿಯಾದ ಮೇಲೆ ಅವನು ಅದನ್ನು ಕೊಡವಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡ. ಹಗ್ಗ ನೆಟ್ಟಗೆ ನಿಂತಿತ್ತು. "ಅಕ್ಕ, ಸಾಕು. ಬುಡು," ಎಂದ. ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ. ನಾನು ಬಿಡಲಿಲ್ಲ. ಬಿಡುತ್ತೇನೆ ಎಂದು ಹಿಂದೆ ಒಪ್ಪಿಕೊಂಡವಳು ಬಿಡಲಿಲ್ಲ. ಜಯಶೀಲ ಓಡಿಬಂದು ನನ್ನ ಕೈಯ ಹಿಂದೆ ತನ್ನ ಕೈ ಹಾಕಿದಳು. ಇಬ್ಬರೂ ಸೇರಿ ಅವನನ್ನು ಪೇಟೆಬೀದಿಯ ಕರೆಂಟಿನ ತಂತಿಗಳ ನಡುವೆ ಬಗ್ಗಿಸಿಕೊಂಡು ಮನೆಗೆ ತಂದೆವು. ಅಂಗಡಿಯವರು ಮುಂದಿನ ತಡಿಕೆ ಎತ್ತಿ ದಾರಿ ಕೊಟ್ಟರು. ಕೆಲವರು ಕೈ ಮುಗಿದರು. ಅವನು ಯಾರ ಕಡೆಗೂ ನೋಡಲಿಲ್ಲ. ತೊಲೆಗೆ ಹಗ್ಗ ಬಿಗಿಯುವಾಗಲೂ ನನ್ನ ಕಡೆ ನೋಡಲಿಲ್ಲ.

ಆ ಸಲದ ಬೆಳೆ ನಮ್ಮೂರು ಕಂಡದ್ದರಲ್ಲೇ ದೊಡ್ಡದು. ಮಿಲ್ಲು ನಿಲ್ಲದೆ ಓಡಿತು. ನಮ್ಮ ಪಾಲಿನ ಮೂಟೆಗಳನ್ನು ಇಡಲು ಜಾಗ ಸಾಲದೆ ಅಟ್ಟಕ್ಕೂ ಪೇರಿಸಿದೆವು, ಅವನ ಕೆಳಗೆ. ಹೊಸ ಅಕ್ಕಿಯ ಅನ್ನವನ್ನು ಜಯಶೀಲ ಏಣಿ ಹತ್ತಿ ತಿನ್ನಿಸುತ್ತಿದ್ದಳು. ತುತ್ತು ಬಾಯಿಗೆ ಹೋದಾಗ ಅವನು ಕೂದಲೆಳೆಯಷ್ಟು ಕೆಳಗೆ ಬರುತ್ತಿದ್ದ, ಸ್ವಲ್ಪ ಹೊತ್ತಿಗೆ ಮತ್ತೆ ಹೆಂಚಿಗೆ ತಾಗುತ್ತಿದ್ದ. ಮಾತು ಬಿಟ್ಟಿದ್ದ. ನಾವು ಕೆಳಗೆ ತಾಟು ತೊಳೆಯುವುದನ್ನು, ತಲೆ ಬಾಚುವುದನ್ನು ನೋಡುತ್ತಿದ್ದ. ಬೇಸಿಗೆ ಬಂದಾಗ ಒದ್ದೆ ಗೋಣಿ ಬೇಕೇನೋ ಎಂದು ನಾನೇ ಕೇಳಿದೆ.

ನಾಲೆಗೆ ನೀರು ಬಿಟ್ಟ ವಾರ ಮಾಯಿಗೌಡ ಬಂದ. ಜಗುಲಿಯಲ್ಲಿ ಕೂರದೆ ಒಳಗೇ ಬಂದು, ತಲೆಯೆತ್ತಿ ಅಟ್ಟದ ಕಡೆಗೊಮ್ಮೆ ನೋಡಿ, ಚಾಪೆಯ ಮೇಲೆ ಕೂತ. ಬಹಳ ಹೊತ್ತು ಅದೂ ಇದೂ ಮಾತಾಡಿದ. ಸೊಸೆ ಬಸುರಿ ಅಂದ. ಮಗನನ್ನು ಮಿಲ್ಲಿಗೆ ಸೇರಿಸಿದ್ದೇನೆ ಅಂದ. ಆಮೇಲೆ ಹೇಳಿದ.

"ಅವತ್ತು ಕಣ್ಣಾರೆ ನೋಡ್ದೆ ಕಣವ್ವ. ಮ್ಯಾಗಿಂದ ಬಿದ್ದ ಗೊಬ್ರ ಒಂದೇ ಸಮ ಹರಡ್ತು. ಪೈರು ತುಳಿಯೋ ಹಂಗೂ ಇಲ್ಲ. ಹಗ್ಗ ಒಂಚೂರು ಉದ್ದ ಆದ್ರೆ ಸಾಕು."

ಜಯಶೀಲ ಮೊರವನ್ನು ಕೆಳಗಿಟ್ಟಳು. "ಅವ್ರ ತಾವ ತೂಕನೇ ಇಲ್ಲ ಮಾವ. ಈಗ ಎರಚುದ್ರೆ ಇನ್ನೇನ್ ಹೋಯ್ತದೆ ಅವ್ರಿಂದ?"

ಮಾಯಿಗೌಡನ ಮುಖದಲ್ಲಿ ಮೋಸವಿರಲಿಲ್ಲ. "ಅದೇ ಕಣವ್ವ ನಾನೂ ಯೋಳ್ತಿರೋದು," ಎಂದ. "ಇನ್ನೇನೂ ಇಲ್ವಲ್ಲ ಹೋಗಕೆ. ಕಳ್ಕಳಕೆ ಏನೂ ಇಲ್ದೋನು ಎರಚುದ್ರೆ ಯಾರಿಗೂ ನಷ್ಟ ಇಲ್ಲ."

ನಾನು ಅವನನ್ನು ಹೊರಗೆ ಹೋಗು ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಟ್ಟದಲ್ಲಿ ಹೆಂಚು ಸರಿದ ಸದ್ದಾಯಿತು. ತಿಂಗಳುಗಳ ಮೇಲೆ ಮೊದಲ ಬಾರಿಗೆ ಜವರ ಮಗ್ಗುಲು ಬದಲಿಸಿದ್ದ. ಮೂಟೆಗಳ ಮೇಲಿಂದ ಅವನ ಮುಖ ನಮ್ಮ ಕಡೆಗೆ ಬಗ್ಗಿತು. ಕಣ್ಣಲ್ಲಿ ಬೆಳಕಿತ್ತು, ಮದುವೆಯ ದಿನ ಇದ್ದ ಹಾಗೆ. ದನಿ ಒಣಗಿ ಸರಿಯಾಗಿ ಹೊರಡಲಿಲ್ಲ. ಕೆಮ್ಮಿ ಸರಿಮಾಡಿಕೊಂಡ.

"ಗೌಡ್ರೇ," ಎಂದ, "ಎಷ್ಟೊತ್ಗೆ ಬರ್ಲಿ?"

ಜಯಶೀಲ ನನ್ನ ಮುಖ ನೋಡಿದಳು. ನಾನು ಏಣಿಯನ್ನು ತೊಲೆಗೆ ಒರಗಿಸಿ, ಗಂಟು ಬಿಚ್ಚಲು ಹತ್ತಿದೆ.